ಸುಮ್ಮನಾದ ಗಂಟೆ

ಟಣ್, ಟಣ್, ಟಣ್. ಬೆಳಗಾದರೆ ಆ ಓಣಿಯ ಕೊನೆಯ ಗೇಟಿನಿಂದ ಈ ಸದ್ದು ಕೇಳಿಸುತ್ತದೆ. ಡ್ರೈವಿಂಗ್ ಮೇಷ್ಟ್ರು ಕಾರು ಚಾಲೂ ಮಾಡಿ, ಸೀಟ್‌ಬೆಲ್ಟ್ ಹಾಕಿಕೊಳ್ಳದೆ ಕೂತು, ಎಚ್ಚರಿಕೆಯ ಗಂಟೆಯನ್ನು ಅದರ ಗಂಟಲು ಒಣಗುವವರೆಗೆ ಕೂಗಲು ಬಿಡುತ್ತಾರೆ. ಆಮೇಲೆ ಪಕ್ಕದ ಖಾಲಿ ಸೀಟಿನ ಮೇಲೆ ಅಂಗೈಯೂರಿ ಅದರ ಗಂಟೆಯನ್ನೂ ಆಲಿಸುತ್ತಾರೆ. ಎದುರುಮನೆಯಾಕೆ, ಮೇಷ್ಟ್ರ ಕಾರಿಗೆ ಮತ್ತೆ ಹಲ್ಲುನೋವು ಎಂದು ನಗುತ್ತಾಳೆ.

ಅವರ ನಡಿಗೆಗೂ ಬ್ರೇಕುಂಟು. ತಿರುವಿಗೆ ಮೊದಲೇ ವೇಗ ಇಳಿಸಿ, ಭುಜದಾಚೆ ಒಮ್ಮೆ ಕಣ್ಣು ಹಾಯಿಸಿ, ಮೊಣಕೈ ಸವೆದ ಬೂದು ಕೋಟಿನ ಜೇಬನ್ನು ಮುಟ್ಟಿಕೊಂಡೇ ಮುಂದಡಿಯಿಡುತ್ತಾರೆ. ಕಲಿಯಲು ಬಂದವರಿಗೆ ಮೊದಲ ದಿನ ಸ್ಟೀರಿಂಗ್ ಸಿಗುವುದಿಲ್ಲ. ಸುತ್ತ ನಡೆದು ಟೈರು ನೋಡಬೇಕು, ಬಗ್ಗಿ ಕಾರಿನಡಿ ನೋಡಬೇಕು, ಕನ್ನಡಿ ಹೊಂದಿಸಬೇಕು, ಕೊನೆಗೆ ಪಕ್ಕದವರ ಬೆಲ್ಟನ್ನು ಕೈಯಾರೆ ಎಳೆದು ನೋಡಬೇಕು. ಮುಂದಿನ ಗಾಡಿಯ ಬೆನ್ನಿಗೇ ಅಂಟಿಕೊಂಡು ಓಡಿಸುತ್ತಿದ್ದ ಗುಮಾಸ್ತನೊಬ್ಬನಿಗೆ ಹೇಳಿದ್ದರು: "ಸ್ವಲ್ಪ ದೂರ ಇಟ್ಕೊಳಪ್ಪ. ಅವನು ಬ್ರೇಕ್ ಹಾಕೋವಾಗ ನಿನ್ನ ಆಫೀಸ್ ಟೈಮ್ ಕೇಳಲ್ಲ."

ಬೆಲ್ಟ್ ಎಳೆದು ನೋಡುವ ಪಾಠ ಸೇರಿದ್ದು ಹೆಂಡತಿ ಹೋದ ಮೇಲೆ. ಭುಜನೋವಿನ ಆಕೆಗೆ ಬೆಲ್ಟು ಉಜ್ಜುತ್ತಿತ್ತು. ಅಮ್ಮನಿಗೆ ಗಂಟೆಯ ಕಾಟ ತಪ್ಪಲೆಂದು ಮಗಳು ಅಕ್ಕರೆಯಿಂದ ಒಂದು ಕ್ಲಿಪ್ ತಂದುಕೊಟ್ಟಿದ್ದಳು. ಬೆಲ್ಟಿನ ಬದಲು ಅದನ್ನು ಬಕಲಿಗೆ ಸಿಕ್ಕಿಸಿದರೆ ಕಾರು ಮೋಸಹೋಗಿ ಬಾಯಿಮುಚ್ಚುತ್ತದೆ. ಗಂಡ ಕಂಡಾರೆಂದು ಆಕೆ ಶಾಲು ಹೊದ್ದು ಕೂತಿದ್ದಳು. ಗಂಟೆ ಬಾರಿಸದಿದ್ದುದರಿಂದ ಬೆಲ್ಟು ಹಾಕಿದ್ದಾಳೆಂದು ಮೇಷ್ಟ್ರು ನಂಬಿದರು. ಲಾರಿಯೊಂದು ಅಡ್ಡಬಂತು, ಬೆಲ್ಟಿದ್ದ ಅವರು ಉಳಿದರು. ಆಸ್ಪತ್ರೆಯಲ್ಲಿ ಆಕೆ ಕೊನೆಗೆ ಆಡಿದ್ದು ಇಷ್ಟೇ: "ಕ್ಲಿಪ್ ಮಗಳು ಕೊಟ್ಟಿದ್ದು. ಅವಳಿಗೆ ಗೊತ್ತಾಗೋದು ಬೇಡ ರೀ."

ಮೇಷ್ಟ್ರು ಮಾತು ಉಳಿಸಿಕೊಂಡರು. ಆ ಕ್ಲಿಪ್ ಅವತ್ತು ಮನೆಯಲ್ಲೇ ಇತ್ತು, ನಿಮ್ಮಮ್ಮ ಬೆಲ್ಟ್ ಹಾಕಿಯೇ ಕೂತಿದ್ದಳು ಎಂದು ಮಗಳಿಗೆ ಹೇಳಿ, ಜಜ್ಜಿದ ಕಾರಿನಿಂದ ಕಿತ್ತ ಅದನ್ನು ಕೋಟಿನ ಜೇಬಿಗಿಳಿಸಿದರು.

ಈಗ ಮಗಳು ತುಂಬು ಗರ್ಭಿಣಿ. ಮೊನ್ನೆ ತಾನೇ ಕಾರು ಓಡಿಸಿಕೊಂಡು ಬಂದಳು. ಅವಳ ಸೀಟಿನ ಬಕಲಿನಲ್ಲಿ ಅಂಥದ್ದೇ ಕ್ಲಿಪ್ ಹೊಳೆಯುತ್ತಿತ್ತು. ಮೇಷ್ಟ್ರು ಪಾಠದ ದನಿಯಲ್ಲೇ ತಿಳಿಹೇಳಿದರು: ಕೆಳಗಿನ ಪಟ್ಟಿ ಹೊಟ್ಟೆಯ ಮೇಲಲ್ಲ, ಅದರಡಿ, ಸೊಂಟದ ಮೂಳೆಗೆ ಒತ್ತಿಕೊಂಡಿರಬೇಕು, ಮೇಲಿನದು ಎದೆಯ ನಡುವೆ ಹಾಯ್ದು ಹೊಟ್ಟೆಯ ಪಕ್ಕಕ್ಕಿಳಿಯಬೇಕು, ಸೀಟನ್ನು ಕಾಲು ಪೆಡಲಿಗೆ ಎಟುಕುವಷ್ಟು ಮಾತ್ರ ಹಿಂದಕ್ಕೆ ಸರಿಸಬೇಕು.

ಅವಳು ದಣಿದ ನಗೆ ನಕ್ಕಳು. "ಬಿಡಪ್ಪಾ. ಅಮ್ಮ ಹಾಕಿದ್ದಳಲ್ಲ, ಉಳಿದಳಾ?"

ತನ್ನ ಸುಳ್ಳು ಇಷ್ಟು ವರ್ಷ ಮಗಳ ಬಾಯಲ್ಲಿ ಬೆಳೆಯುತ್ತಿತ್ತೆಂದು ಮೇಷ್ಟ್ರಿಗೆ ಆಗ ತಿಳಿಯಿತು. ಪ್ರೀತಿಸಿದವರ ನೋವನ್ನು ತಮ್ಮ ಜೇಬಿನಲ್ಲಿ ಹೊತ್ತು ತಿರುಗುವ ಇಂಥ ಜನ ಮೌನವನ್ನೇ ಕರುಣೆಯೆಂದು ಬಗೆಯುತ್ತಾರೆ. ಬಾರಿಸಲೇಬೇಕಾದ ಗಂಟೆಯ ಬಾಯಿ ಕಟ್ಟಿದವರು ತಾವೇ ಎಂಬುದು ಅವರಿಗೆ ತಡವಾಗಿ ಹೊಳೆಯುತ್ತದೆ.

ಅವಳ ಕ್ಲಿಪ್ ಕಿತ್ತುಕೊಂಡು, ಜೇಬಿನ ಸೊಟ್ಟಗಾದ ಇನ್ನೊಂದನ್ನು ಅವಳ ಅಂಗೈಯಲ್ಲಿಟ್ಟರು. "ಹಾಕಿರ್ಲಿಲ್ಲ ಮರಿ. ಗಂಟೆ ಬಾರಿಸ್ಲಿಲ್ಲ ಅಂತ ನಾನೂ ತಿರುಗಿ ನೋಡ್ಲಿಲ್ಲ, ಕೈ ಹಾಕಿ ಒಂದ್ಸಲ ಎಳೆದಿದ್ರೆ…" ಎನ್ನುತ್ತಲೇ ಮೇಷ್ಟ್ರು, ಓಣಿಯ ತಿರುವಿನಲ್ಲಿ ವೇಗ ಇಳಿಸದೆ, ಭುಜದಾಚೆ ನೋಡದೆ, ನಡೆದುಬಿಟ್ಟರು.