ಒಂದೂವರೆ ಗಂಟೆಯ ಹೊಟ್ಟೆಕಿಚ್ಚು

ನನ್ನನ್ನು ತಟ್ಟಿ ಮಾಡಿದವನಿಗೆ ಅವಸರವಿರಲಿಲ್ಲ. ಅದಕ್ಕೇ ಇರಬೇಕು, ಅವಸರದವರನ್ನು ಕಂಡರೆ ನನಗೆ ಆಗುವುದಿಲ್ಲ. ನಾನು ನಾಲ್ಕು ಡಬ್ಬಿಗಳ ಸ್ಟೀಲ್ ಕ್ಯಾರಿಯರ್. ಮಂಗಳೂರಿನ ಜಲಜಕ್ಕ ನನ್ನನ್ನು ಕೊಂಡದ್ದೇ ಮುಂಬೈಯಲ್ಲಿದ್ದ ಅಣ್ಣ ವಾಮನನಿಗಾಗಿ. ಪ್ರತಿವರ್ಷ ನನ್ನೊಳಗೆ ಬಂಗುಡೆ ಮೀನಿನ ಪುಳಿಮುಂಚಿ ತುಂಬಿಸಿ, ತೊಡೆಯ ಮೇಲೆ ಕೂರಿಸಿಕೊಂಡು ಬಸ್ಸು ಹತ್ತುತ್ತಿದ್ದಳು. ಒಂಬೈನೂರು ಕಿಲೋಮೀಟರು, ಹದಿನೆಂಟು ಗಂಟೆ. ದಾರಿಯುದ್ದಕ್ಕೂ ಹುಳಿ, ಖಾರ ಮೀನಿನೊಳಗೆ ಇಳಿಯುತ್ತಿತ್ತು.

"ಪುಳಿಮುಂಚಿಗೆ ಒಂದು ದಿನ ವಯಸ್ಸಾಗ್ಬೇಕು ತಂಗೀ" ಎಂದು ವಾಮನಣ್ಣ ಬೆರಳು ನೆಕ್ಕುತ್ತಿದ್ದ. ಹಿಂದೆ ಕೊಡುವಾಗ ನನ್ನಲ್ಲಿ ಮಿಠಾಯಿ ತುಂಬುತ್ತಿದ್ದ. ಬಂದ ಪಾತ್ರೆಯನ್ನು ಖಾಲಿ ಕಳಿಸಬಾರದು ಎಂಬುದು ಅವರ ಮನೆಯ ರೂಢಿ.

ನಮ್ಮ ನಡುವೆ ಹೊಕ್ಕದ್ದು ಆ ವಿಮಾನ.

ತಾಯಿಯ ವರ್ಷಾಂತಿಕದ ದಿನ ವಾಮನಣ್ಣನ ಬಸ್ಸು ದಾರಿಯಲ್ಲಿ ಕೆಟ್ಟಿತು. ಆ ವರ್ಷ ಅವನಲ್ಲೇ ಉಳಿದಿದ್ದ ನನ್ನನ್ನು ಹಿಡಿದು ಅವನು ಮನೆ ಮುಟ್ಟುವಾಗ ಎಲೆ ಎತ್ತಿಯಾಗಿತ್ತು. ನೆಂಟರೆದುರೇ ಜಲಜಕ್ಕ ಅಂದುಬಿಟ್ಟಳು: "ವಿಮಾನದಲ್ಲಿ ಒಂದೂವರೆ ಗಂಟೆ ಅಂತೆ. ಮನಸ್ಸಿದ್ರೆ ದಾರಿ ದೂರವಾ?"

ಅವನು ನನ್ನಲ್ಲಿದ್ದ ಮಿಠಾಯಿಯನ್ನು ತನ್ನ ಚೀಲಕ್ಕೆ ಸುರಿದುಕೊಂಡ. ನನ್ನನ್ನು ಜಗಲಿಯಲ್ಲಿ ಖಾಲಿ ಇಟ್ಟು ನಡೆದ.

ನಾಲ್ಕು ವರ್ಷ ಅಟ್ಟದಲ್ಲಿ ಕೂತೆ. ಮನೆಯ ಮೇಲೆ ವಿಮಾನ ಹಾರಿದಾಗಲೆಲ್ಲ ಜಲಜಕ್ಕ ತಲೆಯೆತ್ತಿ ನೋಡುವಳು. ನನ್ನ ಹೊಟ್ಟೆ ಉರಿಯುತ್ತಿತ್ತು. ಅಷ್ಟು ದೊಡ್ಡ ಹೊಟ್ಟೆ ಅದಕ್ಕೆ, ಯಾವ ಅಣ್ಣನಿಗೆ ಒಂದು ತುಂಡು ಮೀನು ಒಯ್ದಿದೆ?

ಜಲಜಕ್ಕನ ಮಗಳು ದೀಕ್ಷಾಳ ಮದುವೆ ನಿಶ್ಚಯವಾಯಿತು. ಸೋದರಮಾವನಿಲ್ಲದೆ ಧಾರೆ ಹೇಗೆ? ವಾಮನಣ್ಣ ಫೋನು ಎತ್ತಲಿಲ್ಲ. ಜಲಜಕ್ಕ ನನ್ನನ್ನು ತೊಳೆದು, ಪುಳಿಮುಂಚಿ ತುಂಬಿಸಿ ಹೊರಟಳು. ಎಲ್ಲಿಗೆ? ವಿಮಾನ ನಿಲ್ದಾಣಕ್ಕೆ!

ತಪಾಸಣೆಯವನು ನನ್ನ ಮುಚ್ಚಳ ಎತ್ತಿದ. "ಅಮ್ಮಾ, ಗ್ರೇವಿ ಒಳಗೆ ಬಿಡ್ಲಿಕ್ಕಿಲ್ಲ."

"ಗ್ರೇವಿ ಅಲ್ಲ ಮಾರ್ರೆ, ಪುಳಿಮುಂಚಿ!"

"ಎಂತದಾದ್ರೂ ಇಲ್ಲೇ ಬಿಡ್ಬೇಕು."

ಜಲಜಕ್ಕ ಟಿಕೇಟು ನೋಡಿದಳು, ನನ್ನನ್ನು ನೋಡಿದಳು. "ಬರಿಗೈಲಿ ಹೋದ್ರೆ ಅವ ಬಾಗಿಲು ತೆಗೀಲಿಕ್ಕಿಲ್ಲ" ಎನ್ನುತ್ತ ನನ್ನನ್ನೆತ್ತಿ ಹಿಂದೆ ತಿರುಗಿದಳು. ಗಾಜಿನಾಚೆ ನಿಂತಿದ್ದ ವಿಮಾನಕ್ಕೆ ನಾನು ಬೇಕೆಂದೇ ಥಳಥಳ ಹೊಳೆದು ತೋರಿಸಿದೆ.

ಮಧ್ಯಾಹ್ನದ ಬಸ್ಸು ಹಿಡಿದೆವು. ಮರುದಿನ ಬೆಳಿಗ್ಗೆ ವಾಮನಣ್ಣ ಬಾಗಿಲು ತೆಗೆದ. ನನ್ನನ್ನು ಕಂಡ, ಆದರೂ ದಾರಿ ಬಿಡಲಿಲ್ಲ.

"ಒಂದೂವರೆ ಗಂಟೆಯ ವಿಮಾನ ಉಂಟಲ್ಲ, ಸಿಗ್ಲಿಲ್ವಾ?"

"ಪುಳಿಮುಂಚಿಯನ್ನು ಹತ್ತಿಸ್ಲಿಲ್ಲ ಅಣ್ಣಾ. ಹದಿನೆಂಟು ಗಂಟೆ. ಸೊಂಟ ಹೋಯ್ತು."

"ಈಗ ಗೊತ್ತಾಯ್ತಾ ಎಷ್ಟು ದೂರ ಅಂತ?"

"ಗೊತ್ತಾಯ್ತು" ಎಂದಳು. ನನ್ನನ್ನು ಅವನತ್ತ ಚಾಚಿದಳು.

ಅವನು ಬಾಗಿಲಲ್ಲೇ ನನ್ನ ಮುಚ್ಚಳ ತೆಗೆದು ಬೆರಳು ಅದ್ದಿದ. ತುಂಬಾ ಹೊತ್ತು ನೆಕ್ಕಿದ.

"ಧಾರೆ ಎಷ್ಟು ಗಂಟೆಗೆ?"

ಮದುವೆಗೆ ಅವನು ಬಂದದ್ದು ವಿಮಾನದಲ್ಲೇ, ಇನ್ನು ತಡವಾಗಬಾರದೆಂದು. ಲಾಡು ತುಂಬಿದ ನಾನು ಅವನ ತೊಡೆಯ ಮೇಲಿದ್ದೆ. ಈ ಸಲ ಯಾರೂ ತಡೆಯಲಿಲ್ಲ. "ಒಳಗೆ ಎಂತದು, ಮೀನಾ?" ಎಂದು ಬಸ್ಸಿನಲ್ಲಿ ಕೇಳುವಂತೆ ಯಾರೂ ಕೇಳಲೂ ಇಲ್ಲ.

ಈಗ ನನ್ನ ಹಿಡಿ ಸಡಿಲವಾಗಿದೆ. ಅಡುಗೆಮನೆಯ ಮೂಲೆಯಲ್ಲಿ ಹುಣಸೆಹುಳಿ ತುಂಬಿಸಿಕೊಂಡು ಕೂತಿದ್ದೇನೆ. ಮೇಲೆ ವಿಮಾನ ಹಾರಿದರೆ ಮುಚ್ಚಳ ಇವತ್ತಿಗೂ ನಡುಗುತ್ತದೆ. ವಾಮನಣ್ಣನನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸಿದ್ದು ಅದೇ, ಒಪ್ಪುತ್ತೇನೆ. ಆದರೆ ಅವನನ್ನು ಮನೆಯಿಂದ ಹೊರಡಿಸಿದ್ದು ನಾನು.