ಸುಣ್ಣದ ಮನಿ

ಬದುಕಿನಲ್ಲಿ ತಾನು ಎಲ್ಲಿಗೆ ಮುಟ್ಟಬೇಕೆಂಬುದು ಬಮ್ಮಿಗಟ್ಟಿಯ ಪ್ರಭುವಿಗೆ ಇಪ್ಪತ್ತನೆಯ ವಯಸ್ಸಿಗೇ ಗೊತ್ತಿತ್ತು. ಹೊಲದ ಮೂಲೆಯಲ್ಲಿ ಒಂದು ಮನೆ, ಪೂರ್ವಕ್ಕೆ ಬಾಗಿಲು, ಅಷ್ಟೇ. ಪಾಯಾ ತೋಡುವ ಯೋಗ ಮಾತ್ರ ಕೂಡಿ ಬರಲಿಲ್ಲ. ಪ್ರತಿ ವರ್ಷ ಮಳೆಗೆ ಅಳಿಸಿಹೋದ ನಕ್ಷೆಯನ್ನು ಸುಣ್ಣದ ಪುಡಿಯಿಂದ ನೆಲದ ಮೇಲೆ ಮತ್ತೆ ಬರೆಯುತ್ತಿದ್ದ. ಹೊಸ ಬೈಕಿನ ಮಾತು ಬಂದರೂ, ಗೋವಾದ ಕೆಲಸಕ್ಕೆ ಯಾರಾದರೂ ಕರೆದರೂ ಅವನದು ಒಂದೇ ಪ್ರಶ್ನೆ: "ಇದರಿಂದ ಮನಿ ಸಮೀಪ ಬರತೈತೇನು?"

ಹದಿನಾರು ವರ್ಷ ಇದನ್ನೇ ಕೇಳಿ ಹೆಂಡತಿ ಶೈಲಾಗೆ ತಲೆ ಚಿಟ್ಟು ಹಿಡಿದಿತ್ತು. ಈ ಸಲ ಗೆರೆ ಎಳೆಯುತ್ತ ಅವನು, "ಅಡಗಿ ಮನಿ ಕಿಡಕಿ ಎಲ್ಲಿ ಇಡೂಣು?" ಎಂದು ಕೇಳಿದ.

"ನಿಮ್ಮ ಸುಣ್ಣದ ಮನ್ಯಾಗ ನೀವ ಇರ್ರಿ," ಅಂದುಬಿಟ್ಟಳು.

ಎಂಟು ದಿನಕ್ಕೆ ಎದೆನೋವೆಂದು ಕುಸಿದವನು ಮತ್ತೆ ಏಳಲಿಲ್ಲ.

ಹೂಳಲು ಕುಣಿ ಎಲ್ಲಿ ತೋಡೋಣವೆಂದು ಭಾವ ಕೇಳಿದಾಗ ಶೈಲಾ ಆ ಗೆರೆಗಳ ನಡುವಿನ ಪಡಸಾಲೆ ತೋರಿಸಿದಳು. ಆ ಮನೆಗೆ ಬಿದ್ದ ಮೊದಲ ಗುದ್ದಲಿ ಅದೇ. ಲಿಂಗಾಯತ ಪದ್ಧತಿಯಂತೆ ಪ್ರಭುವನ್ನು ಹೂವಿನ ವಿಮಾನದಲ್ಲಿ ಕುಳ್ಳಿರಿಸಿ, ನಾಲ್ವರು ಹೆಗಲು ಕೊಟ್ಟು ಹೊಲಕ್ಕೆ ತಂದರು. ಹತ್ತಿರದ ದಾರಿಯೆಂದು ಗೆರೆ ದಾಟಹೋದರು.

"ಅಲ್ಲಿ ಗ್ವಾಡಿ ಐತ್ರಿ," ಅಂದಳು ಶೈಲಾ. "ಬಾಗಲದಾಗ ಹಾದು ಬರ್ರಿ."

ಸುತ್ತು ಹಾಕಿ ಪೂರ್ವಕ್ಕೆ ಬಂದರು. ಬಾಗಿಲಿಗೆಂದು ಪ್ರಭು ಗೆರೆ ಎಳೆಯದೆ ಬಿಟ್ಟ ಜಾಗದಲ್ಲಿ ಅರೆಗಳಿಗೆ ನಿಂತು, ಕುಳಿತವನ ತಲೆ ಚೌಕಟ್ಟಿಗೆ ಬಡಿಯದಿರಲೆಂದು ನಾಲ್ವರೂ ಮೊಣಕಾಲು ಬಗ್ಗಿಸಿ ಒಳಗೆ ಬಂದರು.