ಅಮೀನಪ್ಪನವರ ತೆಳ್ಳನೆಯ ಪುಸ್ತಕ

ಗೋವಿಂದರಾಜನಗರದ ಓದುಗರ ಸಂಘವೊಂದು ಜನಪ್ರಿಯ ವಿಜ್ಞಾನ ಪುಸ್ತಕಕ್ಕೆ ಬಹುಮಾನ ಇಟ್ಟಿತ್ತು. ಈ ವರ್ಷ ವಿಷಯವನ್ನೂ ಸಂಘದವರೇ ಕೊಟ್ಟಿದ್ದರು: ಡೈನೋಸಾರ್‌ಗಳು ಹೇಗೆ ಅಳಿದವು? ತೀರ್ಪುಗಾರರು ಇಬ್ಬರು. ಕಾಲೇಜಿನಲ್ಲಿ ಮೂವತ್ತು ವರ್ಷ ಭೂವಿಜ್ಞಾನ ಕಲಿಸಿ ನಿವೃತ್ತರಾದ ಕುಸುಮಾ, ಮತ್ತು ಭಾಷಣಗಳಿಗೆ ಹೆಸರಾದ ಜಗನ್ನಾಥ. ಬಂದ ಏಳು ಪುಸ್ತಕಗಳನ್ನೂ ಕುಸುಮಾ ಎರಡೆರಡು ಸಲ ಓದಿದ್ದರು.

ಸಭೆಗೆ ಬಂದ ಜಗನ್ನಾಥ ಕುರ್ಚಿ ಎಳೆದುಕೊಳ್ಳುವ ಮೊದಲೇ ಬಣ್ಣದ ಚಿತ್ರಗಳ ದಪ್ಪ ಪುಸ್ತಕವೊಂದನ್ನು ಮೇಜಿನ ಮೇಲಿಟ್ಟರು. "ಇದೇ ಮೇಡಂ. ಬೇರೆ ಮಾತೇ ಇಲ್ಲ."

"ಅದ್ರಲ್ಲಿ ಡೈನೋಸಾರ್ ಸತ್ತು ಆರೂವರೆ ಲಕ್ಷ ವರ್ಷ ಆಯ್ತು ಅಂತಿದೆ ಸಾರ್. ಆರೂವರೆ ಕೋಟಿಗೂ ಮೇಲೆ ಆಗಿದೆ. ಚಿತ್ರದಲ್ಲಿ ಪಕ್ಕದಲ್ಲೇ ಆನೆ ನಿಂತಿದೆ!"

"ಸೊನ್ನೆ ಹೆಚ್ಚುಕಮ್ಮಿ ಆಗಿರುತ್ತೆ ಬಿಡಿ. ನಿಮ್ಮ ಆಯ್ಕೆ ಯಾವ್ದು?"

ಕುಸುಮಾ ತೆಳ್ಳನೆಯ ಪುಸ್ತಕ ಮುಂದಿಟ್ಟರು. ಬರೆದವರು ಅಮೀನಪ್ಪ, ಬೆಳಗಾವಿ ಕಡೆಯಿಂದ ಬಂದು ಕಾಮಾಕ್ಷಿಪಾಳ್ಯದಲ್ಲಿದ್ದ ಹೈಸ್ಕೂಲ್ ಮೇಷ್ಟ್ರು. ತಮ್ಮೂರ ಗುಡ್ಡದ ಕಪ್ಪುಕಲ್ಲಿನಿಂದ ಶುರುಮಾಡಿ, ಆಕಾಶದಿಂದ ಬಿದ್ದ ಬಂಡೆಯೇ ಮುಖ್ಯ ಕಾರಣವೆಂದು ಹೆಚ್ಚಿನ ವಿಜ್ಞಾನಿಗಳು ನಂಬಿರುವುದನ್ನು ವಿವರಿಸಿದ್ದರು. ದಖ್ಖನ್ನಿನಲ್ಲಿ ಉಕ್ಕಿ ಆ ಕಪ್ಪುಕಲ್ಲಾದ ಲಾವಾದ ಪಾಲೆಷ್ಟು ಎಂಬಲ್ಲಿ ಮಾತ್ರ, 'ಇದು ಇನ್ನೂ ಪೂರ್ತಿ ಗೊತ್ತಿಲ್ಲ' ಎಂದು ಬರೆದಿದ್ದರು.

"ಗೊತ್ತಿಲ್ಲ ಅಂತ ಬರ್ದೋರಿಗೆ ಬಹುಮಾನ ಕೊಟ್ರೆ ಜನ ನಗಲ್ವಾ?" ಎಂದರು ಜಗನ್ನಾಥ.

"ಗೊತ್ತಿಲ್ಲದ್ದನ್ನ ಗೊತ್ತಿದೆ ಅಂತ ಬರೆದ್ರೆ ನಗ್ಬೇಕು ಸಾರ್. ನೀವು ಎಷ್ಟು ಪುಟ ಓದಿದ್ರಿ?"

ಜಗನ್ನಾಥ ದಪ್ಪ ಪುಸ್ತಕವನ್ನು ಇನ್ನಷ್ಟು ಮುಂದೆ ತಳ್ಳಿದರು. ಸಂಘದ ಕಾರ್ಯದರ್ಶಿ ಚನ್ನಕೇಶವ ಗಡಿಯಾರ ನೋಡಿ, "ಮೇಡಂ, ವೇದಿಕೆ ಮೇಲೆ ಎತ್ತಿ ತೋರ್ಸೋಕೆ ದಪ್ಪದ್ದೇ ಚೆನ್ನಾಗಿರುತ್ತೆ" ಎಂದು, ತೀರ್ಪುಗಾರರು ಒಪ್ಪದಿದ್ದಾಗ ಹಾಕುವ ತಮ್ಮ ಮತವನ್ನು ಅತ್ತಲೇ ಹಾಕಿದರು. ಕುಸುಮಾ ಆ ದಪ್ಪ ಪುಸ್ತಕದ ತಪ್ಪುಗಳ ಪಟ್ಟಿ ಬರೆದುಕೊಟ್ಟರು. ಚನ್ನಕೇಶವ ಅದನ್ನು ಮಡಿಚಿ ಫೈಲಿಗೆ ಸೇರಿಸಿದರು. ವರದಿಯಲ್ಲಿ 'ಸರ್ವಾನುಮತದ ಆಯ್ಕೆ' ಎಂದು ಅಚ್ಚಾಯಿತು.

ಸಮಾರಂಭಕ್ಕೆ ಕುಸುಮಾ ಹೋಗಲಿಲ್ಲ. ಆ ಸಂಜೆ ಮನೆಯಲ್ಲಿ ಸುಮ್ಮನೆ ಕೂರಲೂ ಆಗದೆ, ಪುಸ್ತಕದ ಹಿಂದಿದ್ದ ನಂಬರಿಗೆ ಫೋನ್ ಮಾಡಿದರು. "ಅಮೀನಪ್ಪನೋರೇ, ತೀರ್ಪುಗಾರ್ತಿ ಕುಸುಮಾ ಮಾತಾಡ್ತಿರೋದು. ನಿಮ್ಮ ಪುಸ್ತಕವೇ ಗೆಲ್ಬೇಕಿತ್ತು. ನನ್ನ ಕೈಲಿ ಆಗ್ಲಿಲ್ಲ."

"ಇರ್ಲಿ ಬಿಡ್ರಿ ಮೇಡಂ" ಎಂದರು ಅಮೀನಪ್ಪ. "ಇಪ್ಪತ್ತೆಂಟನೇ ಪುಟದಾಗಿನ ತಪ್ಪಿಂದ ಕಳಕೊಂಡೆ ಅಂತ ಮಾಡಿದ್ದೆ. ಮೊಸಳಿನೂ ಆಗ ಅಳಿದು ಹೋತು ಅಂತ ಅಚ್ಚಾಗೇತ್ರಿ. ಅಳೀಲಿಲ್ಲ ಅಂತಿರಬೇಕಿತ್ತು. ನೀವು ನೋಡಿರಬೇಕಲ್ರಿ?"

ಕುಸುಮಾ ಪುಟ ತೆರೆದರು. ಆ ಸಾಲಿನ ಪಕ್ಕದಲ್ಲಿ ಅವರದೇ ಅಕ್ಷರದಲ್ಲಿ 'ಸ್ಪಷ್ಟವಾಗಿದೆ' ಎಂದಿತ್ತು. ಎರಡು ಸಲ ಓದಿಯೂ ಬರೆದದ್ದು.

"ಇಲ್ಲ ಅಮೀನಪ್ಪನೋರೇ" ಎಂದರು, "ನೋಡಿರ್ಲಿಲ್ಲ."